ಬಚ್ಚಲು ಅಂದರೆ ಬ್ಯಾಚುಲರ್

ಮೈಸೂರಿನ ನಮ್ಮ ಮನೆ ಕಟ್ಟಿದ್ದು 1994ರಲ್ಲಿ. ಸ್ವಿಚ್ ಬೋರ್ಡುಗಳೂ ಆಗಿನವೇ. ಬಿಳಿ ಹೋಗಿ ಹಳೇ ಹಲ್ಲಿನ ಬಣ್ಣಕ್ಕೆ ತಿರುಗಿವೆ. ಕಳೆದ ದಸರಾ ರಜೆಗೆ ಊರಿಗೆ ಹೋಗುವಾಗ ಆರು ಸ್ಮಾರ್ಟ್ ಬಲ್ಬು, ಒಂದು ಮಾತಾಡುವ ಸ್ಪೀಕರ್ ಬ್ಯಾಗಿಗೆ ಹಾಕಿಕೊಂಡೆ. ಅಮ್ಮನಿಗೆ ಮಂಡಿನೋವು. ರಾತ್ರಿ ಎದ್ದು ಸ್ವಿಚ್ಚಿಗೆ ತಡಕಾಡುವುದು ಯಾಕೆ, ಬಾಯಲ್ಲಿ ಹೇಳಿದರೆ ದೀಪ ಹತ್ತಲಿ ಅಂತ.

ಮೊದಲ ದಿನ ಪೂರ್ತಿ ವೈಫೈ ಕೆಲಸಕ್ಕೇ ಹೋಯಿತು. ವೈಫೈಯಲ್ಲಿ 2.4, 5 ಗಿಗಾಹರ್ಟ್ಸ್ ಅಂತ ಎರಡು ದಾರಿ. ನನ್ನ ಫೋನು 5ರಲ್ಲಿ ಇತ್ತು. ಈ ಬಲ್ಬುಗಳಿಗೋ ಮಡಿ, 2.4 ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಇದು ತಿಳಿಯುವ ಹೊತ್ತಿಗೆ ನಾನು ಸ್ಟೂಲು ಹತ್ತಿ ಇಳಿದು, ನನಗೂ ಮಂಡಿನೋವು ಬಂದಿತ್ತು.

ಆಮೇಲೆ ನಾಮಕರಣ. ಅಮ್ಮ ಕರೆಯುವ ಹೆಸರೇ ಇರಲಿ ಅಂತ ನಡುಮನೆ, ಹಿತ್ತಲು, ಬಚ್ಚಲು ಎಂದೆಲ್ಲ ಇಟ್ಟೆ. ಸ್ಪೀಕರಿನೊಳಗಿನ ಹೆಂಗಸಿಗೆ ಇಂಗ್ಲಿಷ್ ಬರುತ್ತೆ, ಹಿಂದಿ ಬರುತ್ತೆ, ಕನ್ನಡ ಒಂದಕ್ಷರ ಬರಲ್ಲ. ‘ಟರ್ನ್ ಆನ್ ಬಚ್ಚಲು’ ಅಂದರೆ, ಬ್ಯಾಚುಲರ್ ಎನ್ನುವುದು ಯಾವುದೂ ಸಿಗಲಿಲ್ಲ ಅಂತ ಇಂಗ್ಲಿಷಿನಲ್ಲಿ ವಿಷಾದಿಸಿದಳು. ನಾಲ್ಕು ಸಲ ಹೇಳಿದೆ, ನಾಲ್ಕು ಸಲವೂ ಅದೇ. ಅಮ್ಮ ಅಡುಗೆಮನೆಯಿಂದ ಇಣುಕಿ, ‘ಅವಳ್ಯಾಕೋ ಪದೇ ಪದೇ ಬ್ಯಾಚುಲರ್ ಅಂತಾಳೆ? ನಿನಗೆ ಮದುವೆ ಆಗಿದೆ ಅಂತ ಹೇಳಿಬಿಡು’ ಅಂದರು.

ನಿಜವಾದ ತೊಂದರೆ ಬೇರೆ ಇತ್ತು. ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ನಮ್ಮಮ್ಮ ನಲವತ್ತು ವರ್ಷದಿಂದ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಸ್ವಿಚ್ ಆರಿಸಿಯೇ ಹೊರಡುವವರು. ‘ಒಂಬತ್ತು ವ್ಯಾಟ್ ಅಮ್ಮ, 111 ಗಂಟೆ ಉರಿದರೆ ಒಂದು ಯೂನಿಟ್’ ಎಂದು ಲೆಕ್ಕ ಒಪ್ಪಿಸಿದೆ. ‘200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ನೀನು ಕಟ್ತೀಯಾ?’ ಅಂದರು. ಗೃಹಜ್ಯೋತಿ ಬಂದ ಮೇಲೆ ಅಮ್ಮ ಮೀಟರನ್ನು ದಿನಾ ನೋಡುತ್ತಾರೆ, ಒಲೆ ಮೇಲಿಟ್ಟ ಹಾಲು ನೋಡುವ ಹಾಗೆ. ಕೊನೆಗೆ ಕಾಗದದ ಮೇಲೆ ‘ಮುಟ್ಟಬೇಡಿ’ ಅಂತ ದೊಡ್ಡದಾಗಿ ಬರೆದು ಸ್ವಿಚ್ಚುಗಳ ಮೇಲೆ ಸೆಲೋಟೇಪಿನಿಂದ ಅಂಟಿಸಿದೆ.

ಎರಡನೇ ರಾತ್ರಿ ಕರೆಂಟ್ ಹೋಯಿತು. ಎರಡೂವರೆಗೆ ವಾಪಸ್ ಬಂತು. ಬಂದದ್ದೇ ತಡ, ಆರೂ ಬಲ್ಬು ಒಟ್ಟಿಗೆ, ಪೂರ್ತಿ ಬೆಳಕಿನಲ್ಲಿ, ಬೆಳ್ಳಗೆ ಹತ್ತಿಕೊಂಡವು. ಕರೆಂಟ್ ಬಂದಾಗ ತಾನೇ ಹತ್ತುವುದು ಇವುಗಳ ಹುಟ್ಟುಗುಣವಂತೆ. ಅಪ್ಪ ಬೆಳಗಾಯಿತೆಂದು ಹಲ್ಲುಜ್ಜಿ, ಹಾಲಿನವನು ಇನ್ನೂ ಬರಲಿಲ್ಲ ಅಂತ ಗೇಟಿನ ಹತ್ತಿರ ನಿಂತಿದ್ದರು. ಮರುದಿನ ಎದುರುಮನೆಯವರು ಕೇಳಿದರು: ‘ಏನ್ರೀ, ರಾತ್ರಿ ಏನೋ ಹೋಮ ಇಟ್ಕೊಂಡಿದ್ರಿ ಅನ್ಸುತ್ತೆ, ನಮ್ಮನ್ನ ಕರೀಲೇ ಇಲ್ಲ?’

ಆ ಗುಣ ಬದಲಿಸಿದೆ. ಕರೆಂಟ್ ಹೋಗುವ ಮೊದಲು ಹೇಗಿತ್ತೋ, ಬಂದ ಮೇಲೂ ಹಾಗೇ ಇರಲಿ ಅಂತ ಆ್ಯಪಿನಲ್ಲಿ ಒತ್ತಿದೆ. ಜೊತೆಗೆ, ಸೂರ್ಯ ಮುಳುಗಿದಾಗ ನಡುಮನೆ ದೀಪ ತಾನಾಗಿ ಹತ್ತುವ ಹಾಗೂ ಮಾಡಿದೆ. ಸಂಜೆ ಹತ್ತಿತು. ಅಮ್ಮ ಚಪಾತಿ ಹಿಟ್ಟಿನ ಕೈಯಲ್ಲೇ ದೀಪಕ್ಕೆ ಕೈಮುಗಿದರು. ನಾನು ಬೀಗಿದೆ. ‘ಯಾರು ಹಾಕಿದ್ದು?’ ‘ತಾನೇ ಹತ್ತಿತು.’ ‘ಬಾಗಿಲಿಗೆ ನೀರು ಹಾಕಿಲ್ಲ, ದೇವರ ದೀಪ ಹಚ್ಚಿಲ್ಲ. ಅಷ್ಟರಲ್ಲಿ ಇದಕ್ಕೇನು ಅವಸರ? ಆರಿಸು.’ ಫೋನಿನಲ್ಲಿ ಆರಿಸಿದೆ.

ದೇವರ ದೀಪ ಹಚ್ಚಿ ಬಂದು, ನನ್ನ ಚೀಟಿ ಕಿತ್ತು, ಸ್ವಿಚ್ ಒತ್ತಿದರು. ಹತ್ತಲಿಲ್ಲ. ಹೇಗೆ ಹತ್ತೀತು, ಮೊದಲು ಹೇಗಿತ್ತೋ ಹಾಗೇ ಇರು ಅಂತ ನಾನೇ ಹೇಳಿದ್ದೆನಲ್ಲ. ಅಮ್ಮ ಟಪಟಪ ಅಂತ ಐದಾರು ಸಲ ಒತ್ತಿದರು. ಬಲ್ಬಿನ ನೆನಪು ಅಳಿಸಿ ಹೊಸದಾಗಿ ಜೋಡಿಸಿಕೊಳ್ಳಲು ಕಂಪನಿ ಹೇಳಿಕೊಟ್ಟ ದಾರಿಯೂ ಅದೇ! ಬಲ್ಬು ಮದುವೆಮನೆ ಸೀರಿಯಲ್ ಸೆಟ್ಟಿನ ಹಾಗೆ ಮಿಟಮಿಟ ಮಿಟುಕತೊಡಗಿತು. ಅದರ ಕೆಳಗೇ ಕೂತು ಚಪಾತಿ ತಿಂದೆವು.

ಕೊನೆಗೆ ಎಲೆಕ್ಟ್ರಿಷಿಯನ್ ಬಂದರು. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯನ್ನು ಹಳೇ ಸ್ವಿಚ್ಚಿನ ಹಿಂದೆಯೇ ಕೂರಿಸಬಹುದು, ಫೋನಿಂದಲೂ ಹತ್ತುತ್ತೆ, ಕೈಯಿಂದಲೂ ಹತ್ತುತ್ತೆ ಎಂದರು. ಮೆಟ್ಟಿಲ ಬೋರ್ಡು ಬಿಚ್ಚಿ ಮಾತ್ರ ತಲೆ ಕೆರೆದುಕೊಂಡರು. ‘ಈ ಪೆಟ್ಟಿಗೆಗೆ ಬೇಕಾದ ನ್ಯೂಟ್ರಲ್ ವೈರೇ ಇದರಲ್ಲಿ ಇಲ್ಲ ಸಾರ್. ಪ್ಲಗ್ ಪಾಯಿಂಟ್ ಇರೋ ಬೋರ್ಡಲ್ಲಿ ಇದೆ, ಅಲ್ಲಿ ಹಾಕ್ತೀನಿ.’ ಮೆಟ್ಟಿಲನ್ನು ಹಾಗೇ ಬಿಟ್ಟೆವು. ಸ್ಮಾರ್ಟ್ ಬಲ್ಬುಗಳು ಬಿಸ್ಕತ್ತಿನ ಡಬ್ಬಿ ಸೇರಿದವು, ಸಾದಾ ಬಲ್ಬುಗಳು ಮತ್ತೆ ಮೇಲೇರಿದವು.

ಅಮ್ಮ ಒಂದೊಂದೇ ಸ್ವಿಚ್ ಒತ್ತಿ ನೋಡಿದರು. ಹತ್ತಿತು, ಆರಿತು. ‘ಈಗ ಸರಿಹೋಯ್ತು ನೋಡು, ಮೊದಲಿನ ಹಾಗೇ ಆಯ್ತು’ ಎಂದು ಎಲೆಕ್ಟ್ರಿಷಿಯನ್‌ಗೆ ಇನ್ನೊಂದು ಲೋಟ ಕಾಫಿ ಕೊಟ್ಟರು.

ನನ್ನ ಚೀಟಿಯನ್ನು ಅವರು ಎಸೆದಿರಲಿಲ್ಲ. ಈ ಸಲ ಹೋದಾಗ ನೋಡಿದೆ, ‘ಮುಟ್ಟಬೇಡಿ’ ಈಗ ಉಪ್ಪಿನಕಾಯಿ ಭರಣಿ ಮೇಲಿದೆ. ಅಲ್ಲಿ ಯಾರೂ ಮುಟ್ಟುತ್ತಿಲ್ಲ.