ನಮ್ಮ ಗೇಟ್ ನಾವು ನೋಡಲು ಇಂಟರ್ನೆಟ್ ಯಾಕೆ ಬೇಕು?

ಗೇಟಿನ ಮೇಲೆ ಕ್ಯಾಮೆರಾ, ಹಾಲ್‌ನಲ್ಲಿ ರೂಟರ್, ಕೈಯಲ್ಲಿ ಫೋನ್. ಮೂರೂ ಒಂದೇ ವೈಫೈನಲ್ಲಿವೆ. ಆದರೂ ಮಳೆಗೆ ಫೈಬರ್ ಲೈನ್ ಕಟ್ ಆಯಿತು ಅಂದರೆ ಮುಗಿಯಿತು. ಮೊನ್ನೆ ರಾತ್ರಿ ಗೇಟ್ ಸದ್ದಾಯಿತು ಅಂತ ಆ್ಯಪ್ ತೆರೆದರೆ ಕಪ್ಪು ಪರದೆ, ಮಧ್ಯದಲ್ಲಿ ಸುತ್ತುತ್ತಲೇ ಇರುವ ಚಕ್ರ, ಕೊನೆಗೆ ‘ಡಿವೈಸ್ ಆಫ್‌ಲೈನ್’. ಕ್ಯಾಮೆರಾ ಯುಪಿಎಸ್ ಮೇಲೆ ಚೆನ್ನಾಗಿಯೇ ಓಡುತ್ತಿತ್ತು!

ಇಂಥ ಆ್ಯಪ್‌ಗಳು ಮೊದಲು ಕಂಪನಿಯ ಸರ್ವರ್‌ಗೆ ಹೋಗಿ ಲಾಗಿನ್ ಕೇಳುತ್ತವೆ. ಅಲ್ಲಿಂದ ಅಪ್ಪಣೆ ಸಿಗದಿದ್ದರೆ ಪಕ್ಕದಲ್ಲೇ ಇರುವ ಕ್ಯಾಮೆರಾ ಕೂಡ ಕಾಣಿಸುವುದಿಲ್ಲ. ದುಡ್ಡು ಕೊಟ್ಟಿದ್ದು ನಾವು ಅಲ್ವಾ? ಮೆಮೊರಿ ಕಾರ್ಡ್ ಕೂಡ ನಮ್ಮದೇ.

ಇದಕ್ಕೆ ದಾರಿ ಇಲ್ಲದೇನಿಲ್ಲ. ಕ್ಯಾಮೆರಾದ ವಿಡಿಯೊವನ್ನು ನೆಟ್‌ವರ್ಕ್ ಮೂಲಕ ನೇರವಾಗಿ ತರಿಸಿಕೊಳ್ಳುವ ಆರ್‌ಟಿಎಸ್‌ಪಿ ಅನ್ನೋ ವಿಧಾನ 1998ರಿಂದಲೇ ಇದೆ. ಬೇರೆ ಬೇರೆ ಕಂಪನಿಯ ಕ್ಯಾಮೆರಾಗಳು ಹೊಂದಿಕೊಳ್ಳಲಿ ಅಂತ 2008ರಲ್ಲಿ ಓನ್‌ವಿಫ್ ಅನ್ನೋ ಸಾಮಾನ್ಯ ಮಾನದಂಡವೂ ಬಂತು. ಇವು ಇದ್ದರೆ ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರ್‌ನಲ್ಲಿ ಕ್ಯಾಮೆರಾದ ವಿಳಾಸ ಹಾಕಿ, ಇಂಟರ್ನೆಟ್ ಇಲ್ಲದೆಯೇ ನೋಡಬಹುದು. ಆದರೆ ಎಷ್ಟೋ ಕ್ಯಾಮೆರಾಗಳಲ್ಲಿ ಇದನ್ನು ಕೊಡುವುದೇ ಇಲ್ಲ. ಕೊಟ್ಟರೂ ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ. ಅದಕ್ಕೆ ಬೇರೆ ಪಾಸ್‌ವರ್ಡ್, ಉದ್ದದ ವಿಳಾಸ, 554 ಅನ್ನೋ ಪೋರ್ಟ್ ನಂಬರ್. ರಾತ್ರಿ ಒಬ್ಬರೇ ಇರುವ ಅಮ್ಮನಿಗೆ ಇದನ್ನೆಲ್ಲ ಟೈಪ್ ಮಾಡು ಅಂತ ಹೇಗೆ ಹೇಳಲಿ?