ಯಾವ ಯುರೋಪು ಮಾರಾಯ್ರೆ?

ಮತ್ತೆ ಬಂತು ಅದೇ ಫೋಟೋ. ಹಳೆಯ ಇಗರ್ಜಿಯೊಳಗೆ, ಅಂದರೆ ಚರ್ಚಿನೊಳಗೆ, ಪುಸ್ತಕದ ಅಂಗಡಿ, ಪೀಠ ಇದ್ದ ಕಡೆ ಕಾಫಿ ಕುಡಿಯುತ್ತಾ ಕೂತ ಜನ. ಕೆಳಗೆ 'ಯುರೋಪಿನಲ್ಲಿ ಕ್ರೈಸ್ತ ಧರ್ಮದ ಕಥೆ ಮುಗೀತು' ಅಂತ ಒಂದು ಸಾಲು. ಊರಿನ ಎರಡು ವಾಟ್ಸಾಪ್ ಗ್ರೂಪಿಗೂ ಬಂದಿದೆ. ಒಂದರಲ್ಲಿ ಚಪ್ಪಾಳೆ. ಇನ್ನೊಂದರಲ್ಲಿ ನಮ್ಮ ಕಥೋಲಿಕರದ್ದೇ ಕಣ್ಣೀರು, 'ದಾರಿ ತಪ್ಪಿದ ಆ ಮಕ್ಕಳಿಗಾಗಿ ಜಪಮಾಲೆ ಹೇಳೋಣ' ಅಂತ. ಯಾವುದು ಜಾಸ್ತಿ ಕಿರಿಕಿರಿ ಅಂತ ಹೇಳುವುದು ಕಷ್ಟ.

ಆ ಅಂಗಡಿ ಇರುವುದು ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಖ್ಟ್‌ನಲ್ಲಿ. 13ನೇ ಶತಮಾನದ, ಡೊಮಿನಿಕನ್ ಅನ್ನುವ ಕಥೋಲಿಕ ಸನ್ಯಾಸಿ ಪಂಥದ ಇಗರ್ಜಿ. ಸನ್ಯಾಸಿಗಳನ್ನು ಅಲ್ಲಿಂದ ಓಡಿಸಿದ್ದು ಈಗಿನ ಹುಡುಗರಲ್ಲ, 1790ರ ದಶಕದಲ್ಲಿ ಊರು ಹಿಡಿದ ಫ್ರೆಂಚರು. ಆಮೇಲೆ ಅದು ಗೋದಾಮಾಯಿತು, ಸೈಕಲ್ ನಿಲ್ಲಿಸುವ ಜಾಗವೂ ಆಯಿತು. ಪುಸ್ತಕ ಬಂದದ್ದು 2006ರಲ್ಲಿ. ಸೈಕಲ್‌ಗಿಂತ ಪುಸ್ತಕ ಎಷ್ಟೋ ವಾಸಿ ಅಲ್ವಾ?

ಇಡೀ ಖಂಡವನ್ನು ಒಂದೇ ಚೀಲಕ್ಕೆ ತುಂಬುತ್ತಾರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ. ಯಾವ ಯುರೋಪು? ಜೆಕ್ ಮತ್ತು ಪೋಲೆಂಡ್ ಅಕ್ಕಪಕ್ಕದ ದೇಶಗಳು. ಎರಡನ್ನೂ 40 ವರ್ಷ ಕಮ್ಯುನಿಸ್ಟರೇ ಆಳಿದರು. 2021ರ ಜನಗಣತಿಯಲ್ಲಿ ಜೆಕ್‌ನ ಹೆಚ್ಚುಕಡಿಮೆ ಅರ್ಧ ಜನ 'ಧರ್ಮ ಇಲ್ಲ' ಅಂತ ಬರೆಸಿದರು. ಪೋಲೆಂಡಿನಲ್ಲಿ ಇವತ್ತಿಗೂ ಬಹುಪಾಲು ಜನ ಕಥೋಲಿಕರು. 'ಎಲ್ಲ ಕಮ್ಯುನಿಸ್ಟರ ಕೆಲಸ' ಅನ್ನುವ ಸುಲಭದ ಉತ್ತರ ಇಲ್ಲಿ ನಡೆಯುವುದಿಲ್ಲ.

ಚರ್ಚನ್ನು ತಿದ್ದಬೇಕು ಅಂತ ಸಾರಿದ ಜೆಕ್ ಪಾದ್ರಿ ಯಾನ್ ಹುಸ್‌ನನ್ನು 1415ರಲ್ಲಿ ತಪ್ಪಿತಸ್ಥ ಅಂತ ತೀರ್ಮಾನಿಸಿದ್ದು ಚರ್ಚಿನ ಮಹಾಸಭೆ. ಜೀವಂತ ಸುಟ್ಟರು. 1620ರಲ್ಲಿ ಪ್ರಾಗ್ ಪಕ್ಕದ ಬಿಳಿಬೆಟ್ಟದ ಯುದ್ಧವನ್ನು ಅಲ್ಲಿನ ಪ್ರೊಟೆಸ್ಟೆಂಟರು ಸೋತ ಮೇಲೆ, ಆಸ್ಟ್ರಿಯಾದ ಹಾಪ್ಸ್‌ಬರ್ಗ್ ವಂಶದ ದೊರೆಗಳು ಜೆಕ್ ಜನರನ್ನು ಒತ್ತಾಯದಿಂದ ಕಥೋಲಿಕರನ್ನಾಗಿ ಮಾಡಿದರು. ಅಂದರೆ ಚರ್ಚು ಯಾವಾಗಲೂ ದೊರೆಯ ಪಾರ್ಟಿ. ಪೋಲೆಂಡಿನದ್ದು ಉಲ್ಟಾ. ಅಲ್ಲಿ 1984ರಲ್ಲಿ ಕಾರ್ಮಿಕರ ಪರ ನಿಂತ ಫಾದರ್ ಯೆರ್ಜಿ ಪೊಪಿಯೆವುಶ್ಕೊ ಅವರನ್ನು ಸರ್ಕಾರದ ಗುಪ್ತ ಪೊಲೀಸರೇ ಕೊಂದರು. ನಮಗೋಸ್ಕರ ಸತ್ತ ಪಾದ್ರಿಯ ಇಗರ್ಜಿಗೆ ನಾವಾದರೂ ಹೋಗದೆ ಇರುತ್ತೇವಾ?

ಅದೇ ಪೋಲೆಂಡಿನಲ್ಲೂ ಈಗ ಭಾನುವಾರದ ಪೂಜೆಗೆ ಬರುವವರು 3ರಲ್ಲಿ ಒಬ್ಬರಿಗಿಂತ ಕಡಿಮೆ. ಚರ್ಚು ಅಧಿಕಾರದವರ ಪಕ್ಕ ಕುರ್ಚಿ ಹಾಕಿಕೊಂಡರೆ ಹೀಗೇ ಆಗೋದು. ಐರ್ಲೆಂಡ್ ನೋಡಿ. 1979ರಲ್ಲಿ ಪೋಪ್ ಬಂದಾಗ ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. 2009ರಲ್ಲಿ ಚರ್ಚಿನವರಿಂದ ಮಕ್ಕಳ ಮೇಲೆ ನಡೆದ ದೌರ್ಜನ್ಯದ ತನಿಖಾ ವರದಿಗಳು ಬಂದವು. ಮುಚ್ಚಿಟ್ಟದ್ದೆಲ್ಲ ಹೊರಬಿತ್ತು. ಜನ ದೇವರನ್ನು ಬಿಟ್ಟರೋ ಇಲ್ಲವೋ, ಬಿಷಪರ ಮಾತಿಗೆ ತಲೆಯಾಡಿಸುವುದನ್ನಂತೂ ಬಿಟ್ಟರು.

'ಅಂಕಿ ಸುಳ್ಳು ಹೇಳುತ್ತಾ?' ಅನ್ನುವವರಿದ್ದಾರೆ. ಇಲ್ಲ ಸ್ವಾಮಿ. ಜರ್ಮನಿಯಲ್ಲಿ 2022 ಒಂದೇ ವರ್ಷ 5 ಲಕ್ಷಕ್ಕೂ ಹೆಚ್ಚು ಕಥೋಲಿಕರು ಚರ್ಚು ಬಿಟ್ಟರು. ಆದರೆ ನಾನಿರುವ ಈ ದೇಶದಲ್ಲಿ ಬಿಡುವುದು ಅಂದರೆ ಸರ್ಕಾರಿ ಕಚೇರಿಗೆ ಹೋಗಿ ಸಹಿ ಹಾಕಿ ಬರುವ ಕೆಲಸ. ಚರ್ಚಿನ ಸದಸ್ಯರಲ್ಲಿ ಹೆಸರು ಇದ್ದರೆ ಆದಾಯ ತೆರಿಗೆಯ ಮೇಲೆ ಇನ್ನೂ ಶೇ. 8 ಅಥವಾ 9 ಚರ್ಚ್ ತೆರಿಗೆ. ವಿಳಾಸ ನೋಂದಣಿ ಅರ್ಜಿಯಲ್ಲೇ ಧರ್ಮ ಯಾವುದು ಅಂತ ಕೇಳುತ್ತಾರೆ. ನಾನು ಮಂಗಳೂರಿನ ಗತ್ತಿನಲ್ಲಿ 'ರೋಮನ್ ಕಥೋಲಿಕ್' ಅಂತ ತುಂಬಿಸಿದವಳು. ಅವತ್ತಿನಿಂದ ಪ್ರತಿ ಸಂಬಳದ ಚೀಟಿಯಲ್ಲಿ ಒಂದು ಸಾಲು ಕಡಿತ. ಹೆಸರು ತೆಗೆಸಿದರೆ ಪರಮಪ್ರಸಾದದಂಥ ಸಂಸ್ಕಾರಗಳು ಸಿಗುವುದಿಲ್ಲ ಅಂತ ಬಿಷಪರು 2012ರಲ್ಲೇ ಹೇಳಿ ಆಗಿದೆ. ನಿಜ ಹೇಳುತ್ತೇನೆ, ನಾನು ಕಟ್ಟುತ್ತಿರುವುದು ಭಕ್ತಿಗಲ್ಲ. ಅಮ್ಮನ ಹೆದರಿಕೆಗೆ.

ಹಾಗಂತ ಸುಮ್ನೆ ಇಳಿಜಾರಿನ ಕಥೆಯೂ ಅಲ್ಲ. 1905ರಲ್ಲೇ ಧರ್ಮವನ್ನು ಸರ್ಕಾರದಿಂದ ದೂರ ಇಟ್ಟ ಫ್ರಾನ್ಸಿನಲ್ಲಿ 2025ರ ಈಸ್ಟರಿಗೆ 10 ಸಾವಿರಕ್ಕೂ ಹೆಚ್ಚು ವಯಸ್ಕರು ದೀಕ್ಷಾಸ್ನಾನ ಪಡೆದರು. ತುಂಬಾ ಮಂದಿ ಚಿಕ್ಕ ಪ್ರಾಯದವರು. ಅದರ ಫಾರ್ವರ್ಡ್ ಯಾರೂ ಕಳಿಸಲಿಲ್ಲ.

ನಮ್ಮ ಇಗರ್ಜಿಯಲ್ಲಿ ಬೆಳಿಗ್ಗೆ 10ರ ಜರ್ಮನ್ ಪೂಜೆಗೆ ಬೆರಳೆಣಿಕೆಯ ಅಜ್ಜಿಯರು. ಪೂಜೆ ಮಾಡುವ ಫಾದರ್ ಕೇರಳದವರು. ಅದೇ ಕಟ್ಟಡ, ಅದೇ ಬೆಂಚು, 12 ಗಂಟೆಗೆ ಕ್ರೊಯೇಶಿಯಾದವರ ಪೂಜೆ. ಬಾಗಿಲ ತನಕ ಜನ, ಮಕ್ಕಳ ತಳ್ಳುಗಾಡಿಗಳು, ಹೊರಗೆ ಸಿಗರೇಟು ಸೇದುತ್ತಾ ಪಾದ್ರಿಯ ಪ್ರಸಂಗ ಕೇಳುವ ಗಂಡಸರು. ಹೋದ ವಾರ ನನ್ನ ಕಾರಿಗೆ ಯಾರೋ ಅಡ್ಡ ನಿಲ್ಲಿಸಿ ಒಳಗೆ ಹೋಗಿದ್ದರು. ಪರಮಪ್ರಸಾದ ಮುಗಿಯುವವರೆಗೂ ಬಂದು ತೆಗೆಯಲೇ ಇಲ್ಲ.