ನಾಡಿ 44 ಬಂತು ಅಂತ ಖುಷಿಪಡೋ ಮುಂಚೆ

ಹೋದ ವರ್ಷ ಏಪ್ರಿಲ್‌ನಲ್ಲಿ ನಾನು ವಿಜಯಪುರದಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದೆ. ನಮ್ಮೂರಿನ ಏಪ್ರಿಲ್ ಎಂಥದ್ದು ಅಂತ ಗೊತ್ತಲ್ವಾ? ಹೊರಗೆ 40 ಡಿಗ್ರಿ ಬಿಸಿಲು. ಮನೆಯವರೆಲ್ಲ ಫ್ಯಾನ್ ಕೆಳಗೆ, ನಾನೊಬ್ಬಳೇ ಫ್ಯಾನ್ ಬಂದ್ ಮಾಡಿ ಅನ್ನುತ್ತಿದ್ದೆ. ಅವತ್ತೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಕೈಯಲ್ಲಿದ್ದ ವಾಚು ನನ್ನ ನಾಡಿ 44 ಅಂತ ತೋರಿಸುತ್ತಿತ್ತು. ಓಡೋರಿಗೆ ಅದು ಬಂಗಾರದಂಥ ನಂಬರ್.

ಐದು ವರ್ಷದಿಂದ ಓಡುತ್ತಿದ್ದೇನೆ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು ಗೋಳಗುಮ್ಮಟದ ಕಡೆ ಹೋಗಿ ಬರುತ್ತೇನೆ. ನಮ್ಮದು ಸೈಕಲ್ ಹುಚ್ಚಿನ ಜಿಲ್ಲೆ. ಇಲ್ಲಿ ಸೈಕಲ್ ತುಳಿಯೋ ಹುಡುಗರ ಬಾಯಲ್ಲೂ ನಾಡಿಯ ಲೆಕ್ಕವೇ. 1991ರಿಂದ 1995ರವರೆಗೆ ಸತತ ಐದು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಸ್ಪೇನಿನ ಮಿಗೆಲ್ ಇಂದುರೈನ್ ನಾಡಿ 28 ಇತ್ತಂತೆ ಅನ್ನೋ ಮಾತು ನಾನು ಮೊದಲು ಕೇಳಿದ್ದು ಅವರಿಂದಲೇ.

ಅದರಲ್ಲಿ ತಪ್ಪೇನಿಲ್ಲ. ಸುಮ್ನೆ ಕೂತಾಗ ಸಾಮಾನ್ಯವಾಗಿ ನಾಡಿ ನಿಮಿಷಕ್ಕೆ 60ರಿಂದ 100. ವರ್ಷಗಟ್ಟಲೆ ಓಡಿದವರ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ, ಹಾಗಾಗಿ 40-50 ಬಡಿತದಲ್ಲೇ ಕೆಲಸ ಮುಗಿಯುತ್ತದೆ. ಆದರೆ ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿ ಸೋತರೂ ನಾಡಿ ಇಳಿಯುತ್ತದೆ. ಎರಡಕ್ಕೂ ವಾಚಿನಲ್ಲಿ ಬರೋದು ಅದೇ ನಂಬರ್. ನಾನು ಎಡವಿದ್ದು ಇಲ್ಲೇ.

ಎರಡು ವರ್ಷ ನನ್ನ ನಾಡಿ 54ರ ಆಸುಪಾಸಿನಲ್ಲಿತ್ತು. ನಾಲ್ಕೈದು ತಿಂಗಳಲ್ಲಿ 44ಕ್ಕೆ ಇಳಿಯಿತು. ಫಿಟ್ ಆಗಿ ಇಳಿದಿದ್ದರೆ ಓಟ ಹಗುರಾಗಬೇಕಿತ್ತು. ನನಗೆ ಆಗಿದ್ದು ಉಲ್ಟಾ. 30 ನಿಮಿಷದಲ್ಲಿ ಮುಗಿಯುತ್ತಿದ್ದ ಐದು ಕಿಲೋಮೀಟರ್‌ಗೆ 36 ನಿಮಿಷ ಬೇಕಾಯಿತು. ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬಾಚಣಿಗೆ ತುಂಬ ಕೂದಲು. ಮಲಬದ್ಧತೆ. ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ. ಒಂದೊಂದಕ್ಕೂ ಒಂದೊಂದು ಕಾರಣ ಹುಡುಕಿಕೊಂಡೆ. ಬೋರ್ ನೀರು, ಬಿಸಿಲು, ವಯಸ್ಸು. ಒಬ್ಬ ಡಾಕ್ಟರ ಹತ್ತಿರ ಹೋದೆ. ಓಡ್ತೀನಿ ಅಂದ ಕೂಡಲೇ, "ಹಂಗಾದ್ರ ನಾಡಿ ಕಡಿಮೀನ ಇರತೈತಿ ಬಿಡ್ರಿ" ಅಂದರು. ಬೇರೇನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹಿಡಿದಿದ್ದು ನಮ್ಮವ್ವ. ಇಂಡಿಯಿಂದ ಫೋನ್ ಮಾಡಿದಾಗಲೆಲ್ಲ "ಯಾಕವಾ, ದನಿ ದಪ್ಪ ಆಗೇತಲ್ಲ, ನೆಗಡಿ ಏನು?" ಅನ್ನುತ್ತಿದ್ದಳು. ಒಂದು ತಿಂಗಳಾದರೂ ನೆಗಡಿ ಹೋಗಲಿಲ್ಲ ಅಂತ ಬಸ್ ಹತ್ತಿ ಬಂದಳು. ಬಾಗಿಲಲ್ಲೇ ನಿಂತು, ಚಪ್ಪಲಿ ಸಹ ಬಿಡದೆ, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಕಣ್ಣ ಸುತ್ತ ಬಾತೈತಿ. ನಡಿ, ರಕ್ತ ತೋರಿಸು."

ರಕ್ತದಲ್ಲಿ ಟಿಎಸ್‌ಎಚ್ ಅನ್ನೋ ಹಾರ್ಮೋನು 38 ಬಂತು. ಸುಮಾರು 0.4ರಿಂದ 4ರೊಳಗೆ ಇರಬೇಕು. ನಂಬರ್ ಜಾಸ್ತಿ ಬಂದರೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ ಅಂತ ಬಹಳ ಜನ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಟಿಎಸ್‌ಎಚ್ ಬರೋದು ಮಿದುಳಿನ ಬುಡದ ಪಿಟ್ಯುಟರಿಯಿಂದ. ಥೈರಾಯ್ಡ್ ಮಂದವಾದಷ್ಟೂ ಅದು ಏಳು ಏಳು ಅಂತ ಜೋರಾಗಿ ಕೂಗುತ್ತದೆ. ಆ ಕೂಗೇ ಈ 38.

ಓಡೋ ಗೆಳೆಯ ಗೆಳತಿಯರಿಗೆ ಕೈ ಮುಗಿದು ಕೇಳುತ್ತೇನೆ. ನಾಡಿ ಕಡಿಮೆ ಇದ್ದು ಓಟ ಚೆನ್ನಾಗಿದ್ದರೆ, ಹಸಿವು ನಿದ್ದೆ ಸರಿ ಇದ್ದರೆ, ಸುಮ್ನೆ ಹೆದರಬೇಡಿ. ಆದರೆ ನಾಡಿ ಇಳಿಯುತ್ತಾ ಸುಸ್ತು ಏರುತ್ತಿದ್ದರೆ ವಾಚು ಪಕ್ಕಕ್ಕಿಟ್ಟು ಟಿಎಸ್‌ಎಚ್, ಟಿ4 (ಥೈರಾಯ್ಡ್ ಮಾಡೋ ಹಾರ್ಮೋನು) ರಕ್ತ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಂತೂ ಮುಂದೂಡಲೇಬೇಡಿ, ಈ ತೊಂದರೆ ಗಂಡಸರಿಗಿಂತ ನಮಗೇ ಬಹಳ ಜಾಸ್ತಿ. ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಇನ್ನೊಂದು ಮಾತು. ನಮ್ಮ ಓಟದ ಗುಂಪಿನಲ್ಲೇ ಒಬ್ಬರು ತಮ್ಮ ವೈನಿಯ (ಅತ್ತಿಗೆಯ) ಥೈರಾಯ್ಡ್ ಗುಳಿಗೆ ತಾವೇ ನುಂಗಿ ನೋಡಿದ್ದಾರೆ, ತೂಕ ಇಳಿಯಲಿ ಅಂತ. ದಯವಿಟ್ಟು ಬೇಡ. ಡೋಸ್ ಜಾಸ್ತಿಯಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಹೊಟ್ಟೆಗೆ ಸಾಕಷ್ಟು ತಿನ್ನದೆ ಓಡಿದರೂ ನಾಡಿ ಇಳಿದು ಸುಸ್ತಾಗುತ್ತದೆ. ಅದಕ್ಕೆ ಬೇಕಿರೋದು ರೊಟ್ಟಿ, ಈ ಗುಳಿಗೆ ಅಲ್ಲ.

ಈಗ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಗುಳಿಗೆ, ನೀರು. ಒಂದು ತಾಸು ಚಹಾ ಇಲ್ಲ. ನನಗೆ ಕಷ್ಟ ಆಗೋದು ಆ ಒಂದು ತಾಸು ಮಾತ್ರ. ಶುರುವಿನಲ್ಲಿ ಆರು ವಾರಕ್ಕೊಮ್ಮೆ ರಕ್ತ ಕೊಟ್ಟು ಡೋಸ್ ಹೊಂದಿಸಿದರು. ವಾಚಿನಲ್ಲಿ ನಾಡಿ ಮತ್ತೆ 53ಕ್ಕೆ ಏರಿದೆ. ಐದು ಕಿಲೋಮೀಟರ್‌ಗೆ 31 ನಿಮಿಷ. ಈ ಏಪ್ರಿಲ್‌ನಲ್ಲಿ ಎಲ್ಲರಿಗಿಂತ ಮೊದಲು ಫ್ಯಾನ್ ಹಾಕಿದ್ದು ನಾನೇ.